ಸಂಕೇತಪಟ್ಟಿ ತಿರುವುಮುರುವಾದ ಸಾಲದ ಮಾಡೆಲ್: ಒಂದು ಪರಿಶೀಲನೆಯ ದಿನಚರಿ

ಸಾಲ ಕೇಳಿ ಬಂದವರು ಕಂತು ಸರಿಯಾಗಿ ಕಟ್ಟುತ್ತಾರೆಯೇ, ಸುಸ್ತಿದಾರರಾಗುತ್ತಾರೆಯೇ ಎಂದು ಮುಂಚಿತವಾಗಿ ಅಂದಾಜು ಮಾಡುವ ಮಾಡೆಲ್‌ಗಳನ್ನು, ಅವು ಬಳಕೆಗೆ ಬರುವ ಮೊದಲು ಒರೆಗೆ ಹಚ್ಚಿ ನೋಡುವುದು ನನ್ನ ಉದ್ಯೋಗ. ಮಾಡೆಲ್ ಕಟ್ಟಿದವರೇ ಅದಕ್ಕೆ ಒಪ್ಪಿಗೆಯ ಸಹಿ ಹಾಕಬಾರದು ಎಂಬುದು ಈ ಕೆಲಸದ ಮೂಲ ನಿಯಮ. ಅಮೆರಿಕದ ಫೆಡರಲ್ ರಿಸರ್ವ್ 2011ರ ಏಪ್ರಿಲ್‌ನಲ್ಲಿ ಹೊರಡಿಸಿದ ಎಸ್‌ಆರ್ 11-7 ಎಂಬ ಮಾರ್ಗಸೂಚಿ ಇದನ್ನು ವಿವರವಾಗಿ ಬರೆದಿತ್ತು. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ, ಸಾಲದ ಮಾಡೆಲ್‌ಗಳ ಅಪಾಯ ನಿರ್ವಹಣೆಯ ಕರಡು ಸುತ್ತೋಲೆಯೂ ಸ್ವತಂತ್ರ ಪರಿಶೀಲನೆಯನ್ನೇ ಕೇಳುತ್ತದೆ. ಬೆಂಗಳೂರಿನ ನಮ್ಮ ತಂಡಕ್ಕೆ ಹೊಸದಾಗಿ ಇಬ್ಬರು ಸೇರಿದಾಗ, ಸಂಸ್ಥೆಯ ಗ್ರಾಹಕರ ಮಾಹಿತಿಯನ್ನು ಕಲಿಕೆಗಾಗಿ ತೆರೆಯುವುದು ಸರಿಯಲ್ಲವೆನ್ನಿಸಿ, ಎಲ್ಲರಿಗೂ ಮುಕ್ತವಾಗಿ ಸಿಗುವ ದತ್ತಾಂಶವೊಂದರ ಮೇಲೆ ಇಡೀ ಪರಿಶೀಲನೆಯನ್ನು ಮೊದಲಿನಿಂದ ಕಟ್ಟಿದೆವು. ಒಬ್ಬರು ಮಾಡೆಲ್ ಕಟ್ಟಿ ವರದಿ ಬರೆಯಬೇಕು, ಇನ್ನೊಬ್ಬರು ಆ ವರದಿಯನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಪರೀಕ್ಷಿಸಬೇಕು ಎಂದು ಕೆಲಸ ಹಂಚಿಕೊಂಡೆವು. ನಾಲ್ಕು ದಿನಕ್ಕೆಂದು ಹಿಡಿದ ಕೆಲಸ ಎರಡು ವಾರಕ್ಕೆ ಹೋಯಿತು. ಆ ಎರಡು ವಾರದಲ್ಲಿ ಏನೇನು ಸಿಕ್ಕಿತು, ಯಾವುದನ್ನು ಸರಿಪಡಿಸಿದೆವು, ಯಾವುದು ಸರಿಪಡಿಸಲಾಗದೆ ಉಳಿಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕೆಲಸಕ್ಕೆ ಆರಿಸಿದ ದತ್ತಾಂಶ

ಮಷೀನ್ ಲರ್ನಿಂಗ್ ಓದಿದ ಬಹುತೇಕರು ಒಮ್ಮೆಯಾದರೂ ಮುಟ್ಟಿರುವ ದತ್ತಾಂಶವಿದು: ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹಾನ್ಸ್ ಹಾಫ್‌ಮನ್ ಅವರು ಕೊಟ್ಟು, 1994ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ದತ್ತಾಂಶ ಭಂಡಾರಕ್ಕೆ ಸೇರಿದ ಜರ್ಮನ್ ಸಾಲದ ಕಡತ. ಒಟ್ಟು 1000 ಸಾಲಗಾರರು, ಪ್ರತಿಯೊಬ್ಬರಿಗೂ 20 ವಿವರಗಳು, ಕೊನೆಯ ಕಂಬಸಾಲಿನಲ್ಲಿ ಫಲಿತಾಂಶ. ಸಾಲ ಸರಿಯಾಗಿ ತೀರಿಸಿದವರು 700, ಸುಸ್ತಿದಾರರು 300. ಸಾಲದ ಅವಧಿ 4 ತಿಂಗಳಿನಿಂದ 72 ತಿಂಗಳವರೆಗೆ ಇದೆ. ಮೊತ್ತ 250ರಿಂದ 18,424 ಮಾರ್ಕ್‌ವರೆಗೆ (ಜರ್ಮನಿಯ ಆಗಿನ ಹಣ) ಇದೆ. ಮೂಲ ಸಾಲಗಳು 1973ರಿಂದ 1975ರ ನಡುವೆ ದಕ್ಷಿಣ ಜರ್ಮನಿಯ ಒಂದು ಬ್ಯಾಂಕ್ ಕೊಟ್ಟವು.

ಕಡತದಲ್ಲಿ ಶೀರ್ಷಿಕೆಯ ಸಾಲಿಲ್ಲ. ಚಾಲ್ತಿ ಖಾತೆಯ ಸ್ಥಿತಿಗೆ ಎ11, ಎ12, ಎ13, ಎ14 ಎಂದು, ಹಿಂದಿನ ಸಾಲಗಳ ಚರಿತ್ರೆಗೆ ಎ30ರಿಂದ ಎ34ರವರೆಗೆ ಎಂದು ಬರಿಯ ಸಂಕೇತಗಳಿವೆ. ಯಾವ ಸಂಕೇತಕ್ಕೆ ಯಾವ ಅರ್ಥ ಎಂಬುದು ಪ್ರತ್ಯೇಕವಾದ ಒಂದು ವಿವರಣಾ ಕಡತದಲ್ಲಿದೆ. ಅದರ ಜೊತೆಗೇ ಒಂದು ನಷ್ಟದ ಕೋಷ್ಟಕವೂ ಇದೆ: ಸುಸ್ತಿದಾರನಾಗುವವನಿಗೆ ಸಾಲ ಕೊಟ್ಟರೆ 5 ಅಂಕದ ನಷ್ಟ, ಸರಿಯಾಗಿ ತೀರಿಸುವವನನ್ನು ಹಿಂದಕ್ಕೆ ಕಳಿಸಿದರೆ 1 ಅಂಕದ ನಷ್ಟ. ಈ ಎರಡು ಅಂಕಿಗಳನ್ನು ಮರೆತು ಬರೀ ನಿಖರತೆಯ ಶೇಕಡಾವಾರು ಹೇಳುವ ವರದಿಗಳು ಎಷ್ಟೋ ಇವೆ. ನಮ್ಮ ಮೊದಲ ಕರಡೂ ಹಾಗೆಯೇ ಇತ್ತು.

ಒಂದೇ ಮಾಡೆಲ್, ಎರಡು ಉತ್ತರ

ಪರಿಶೀಲನೆಯ ಮೊದಲ ಹೆಜ್ಜೆ ಮರುನಿರ್ಮಾಣ. ವರದಿಯಲ್ಲಿ ಬರೆದಷ್ಟನ್ನೇ ನೋಡಿ ಮಾಡೆಲನ್ನು ಮತ್ತೆ ಕಟ್ಟಿದಾಗ ಅದೇ ಗುಣಾಂಕಗಳು, ಅಂದರೆ ಪ್ರತಿ ವಿವರಕ್ಕೂ ಮಾಡೆಲ್ ಕೊಡುವ ತೂಕಗಳು, ಬರಬೇಕು. ಬಾರದಿದ್ದರೆ ವರದಿ ಅಪೂರ್ಣವೆಂದೇ ಅರ್ಥ. ವಿವರಗಳನ್ನು ಆ ತೂಕಗಳೊಂದಿಗೆ ಕೂಡಿಸಿ ಸುಸ್ತಿಯ ಸಂಭಾವ್ಯತೆ ಹೇಳುವ ಲಾಜಿಸ್ಟಿಕ್ ರಿಗ್ರೆಶನ್‌ನಂಥ ಹಳೆಯ, ಸರಳ ವಿಧಾನವಾದ್ದರಿಂದ ಈ ಹೆಜ್ಜೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆವು. ಆದರೆ ಗುಣಾಂಕಗಳು ತಾಳೆಯಾಗಲಿಲ್ಲ. ಒಂದೆರಡಲ್ಲ, ಎಲ್ಲವೂ ಬೇರೆ ಬಂದವು. ವರದಿಯಲ್ಲಿದ್ದವು ಒಟ್ಟಾರೆ ಸೊನ್ನೆಯತ್ತ ಕುಗ್ಗಿದ್ದವು.

ಕಾರಣ ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು. ಮಾಡೆಲ್ ಕಟ್ಟಿದವರು ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಎಂಬ ಸಿದ್ಧ ಪ್ರೋಗ್ರಾಮ್‌ಗಳ ಸಂಗ್ರಹ ಬಳಸಿದ್ದರು; ಪರೀಕ್ಷಿಸುವವರು ಸ್ಟಾಟ್ಸ್‌ಮಾಡೆಲ್ಸ್ ಎಂಬ ಇನ್ನೊಂದನ್ನು ಬಳಸಿದ್ದರು. ಸೈಕಿಟ್-ಲರ್ನ್‌ನ ಲಾಜಿಸ್ಟಿಕ್ ರಿಗ್ರೆಶನ್, ನಾವು ಬೇಡವೆಂದು ಹೇಳದ ಹೊರತು, ದೊಡ್ಡ ಗುಣಾಂಕಗಳಿಗೆ ದಂಡ ಹಾಕಿ ಅವನ್ನು ಕುಗ್ಗಿಸುತ್ತದೆ. ಸ್ಟಾಟ್ಸ್‌ಮಾಡೆಲ್ಸ್ ಹಾಗೆ ಮಾಡುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ಸಾಲದ ಮೊತ್ತ ಸಾವಿರಗಳಲ್ಲಿದ್ದು ಉಳಿದ ವಿವರಗಳು ಸೊನ್ನೆ-ಒಂದರಲ್ಲಿದ್ದುದರಿಂದ, ಲೆಕ್ಕ ಒಂದು ಸ್ಥಿರ ಉತ್ತರಕ್ಕೆ ಬಂದು ನಿಲ್ಲುವ ಮೊದಲೇ 100 ಸುತ್ತುಗಳ ಮಿತಿ ಮುಗಿದು ಪ್ರೋಗ್ರಾಮ್ ನಿಂತಿತ್ತು. ಎಚ್ಚರಿಕೆಯ ಸಂದೇಶ ಬಂದಿತ್ತು. ನೋಡಿದವರು ಅದನ್ನು ಮುಚ್ಚಿ ಮುಂದೆ ಹೋಗಿದ್ದರು. ಅವಧಿ, ಮೊತ್ತ, ವಯಸ್ಸು ಈ ಮೂರನ್ನೂ ಒಂದೇ ಅಳತೆಗೆ ತಂದು, ದಂಡವನ್ನು ತೆಗೆದು, ಸುತ್ತುಗಳ ಮಿತಿಯನ್ನು ಏರಿಸಿದ ಮೇಲೆ ಎರಡೂ ಕಡೆಯ ಗುಣಾಂಕಗಳು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಹೊಂದಿದವು. ದಂಡ ಇರಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಇರಲಿ ಎನ್ನುವುದಾದರೆ ಅದನ್ನು ಆರಿಸಿದವರು ಯಾರು, ಏಕೆ ಎಂಬುದು ವರದಿಯಲ್ಲಿ ಇರಬೇಕು ಎಂದು ಮೊದಲ ಆಕ್ಷೇಪಣೆ ಬರೆದೆವು.

ಹತ್ತು ಭಾಗ ಮಾಡಿ ಒಂಬತ್ತರಲ್ಲಿ ಕಲಿಸಿ ಒಂದರಲ್ಲಿ ಪರೀಕ್ಷಿಸುವ ಕ್ರಮದಲ್ಲಿ ಎಯುಸಿ, ಅಂದರೆ ಸುಸ್ತಿದಾರರನ್ನು ಉಳಿದವರಿಂದ ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ (0.5 ಬರೀ ಊಹೆ, 1 ಪರಿಪೂರ್ಣ), 0.78ರ ಆಸುಪಾಸು ಬಂತು. ಈ ದತ್ತಾಂಶದ ಮೇಲೆ ಲಾಜಿಸ್ಟಿಕ್ ರಿಗ್ರೆಶನ್ ಕೊಡಬೇಕಾದದ್ದೇ ಅಷ್ಟು. ನಷ್ಟದ ಲೆಕ್ಕದಲ್ಲಿ ಸಾವಿರ ಜನಕ್ಕೆ ಸುಮಾರು 540 ಅಂಕ. ಇಂಥ ಹಲವು ವಿಧಾನಗಳನ್ನು ಹೋಲಿಸಿ ನೋಡಿದ, 1990ರ ದಶಕದ ಆರಂಭದ ಸ್ಟಾಟ್‌ಲಾಗ್ ಯೋಜನೆಯಲ್ಲಿ ಇದೇ ವಿಧಾನಕ್ಕೆ ಬಂದದ್ದು ತಲೆಗೆ 0.538. ಅಂದರೆ ಮರುನಿರ್ಮಾಣ ಸರಿಯಾಗಿದೆ ಎಂದು ನೆಮ್ಮದಿಯಾಯಿತು.

ಒಂದೇ ಪ್ರಶ್ನೆಯ ಎದುರಾಳಿ

540 ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಏನಾದರೊಂದರ ಜೊತೆ ಹೋಲಿಸಬೇಕು. ಎಲ್ಲರಿಗೂ ಸಾಲ ಕೊಟ್ಟರೆ 300 ಸುಸ್ತಿದಾರರಿಗೆ ತಲಾ 5ರಂತೆ 1500 ಅಂಕ ನಷ್ಟ. ಯಾರಿಗೂ ಕೊಡದಿದ್ದರೆ 700. ಹಾಗಾಗಿ 700ಕ್ಕಿಂತ ಕಡಿಮೆ ಮಾಡಲಾಗದ ಯಾವ ಮಾಡೆಲೂ ಬಾಗಿಲು ಮುಚ್ಚಿಕೊಂಡು ಕೂತ ಬ್ಯಾಂಕಿಗಿಂತ ಉತ್ತಮವಲ್ಲ. ಸ್ಟಾಟ್‌ಲಾಗ್‌ನಲ್ಲಿ ಸಿ4.5 ಎಂಬ ನಿರ್ಧಾರವೃಕ್ಷ (ಒಂದರ ಕೆಳಗೊಂದು ಪ್ರಶ್ನೆಗಳ ಕವಲಿನಿಂದ ತೀರ್ಮಾನಕ್ಕೆ ಬರುವ ವಿಧಾನ) ತಲೆಗೆ 0.985 ನಷ್ಟ ತೋರಿಸಿತ್ತು. ಬಾಗಿಲು ಮುಚ್ಚಿದ ಬ್ಯಾಂಕಿಗಿಂತ ಅದರ ಗತಿ ಕಡೆಯಾಗಿತ್ತು.

ನಾನು ಪ್ರತಿ ಪರಿಶೀಲನೆಯಲ್ಲೂ ಕಾಗದ-ಪೆನ್ಸಿಲಿನಲ್ಲಿ ಮಾಡಬಹುದಾದ ಒಂದು ಎದುರಾಳಿ ನಿಯಮವನ್ನು ನಿಲ್ಲಿಸುತ್ತೇನೆ. ಇಲ್ಲಿ ಚಾಲ್ತಿ ಖಾತೆಯ ಸ್ಥಿತಿ ಒಂದನ್ನೇ ತೆಗೆದುಕೊಂಡೆವು. ಎ11ರಲ್ಲಿ 274 ಜನ, ಅವರಲ್ಲಿ 135 ಸುಸ್ತಿದಾರರು. ಎ12ರಲ್ಲಿ 269ಕ್ಕೆ 105. ಎ13ರಲ್ಲಿ 63ಕ್ಕೆ 14. ಎ14ರಲ್ಲಿ 394ಕ್ಕೆ ಕೇವಲ 46. ನಷ್ಟ 5ಕ್ಕೆ 1 ಎಂದಿರುವಾಗ, ಸುಸ್ತಿಯ ಸಂಭಾವ್ಯತೆ ಆರರಲ್ಲೊಂದು ಭಾಗಕ್ಕಿಂತ, ಅಂದರೆ ಶೇ. 16.7ಕ್ಕಿಂತ ಹೆಚ್ಚಿದ್ದವರಿಗೆ ಸಾಲ ಕೊಡುವುದು ಲಾಭವಲ್ಲ. ನಾಲ್ಕರಲ್ಲಿ ಎ14 ಮಾತ್ರ ಆ ಗೆರೆಯ ಕೆಳಗಿದೆ. ಎ14ರವರಿಗೆ ಮಾತ್ರ ಸಾಲ ಎಂದು ನಿಯಮ ಮಾಡಿದರೆ, ಒಳಬಂದ 46 ಸುಸ್ತಿದಾರರಿಂದ 230, ಹೊರಗುಳಿದ 352 ಒಳ್ಳೆಯ ಸಾಲಗಾರರಿಂದ 352, ಒಟ್ಟು 582. ಇಪ್ಪತ್ತು ವಿವರಗಳ ಮಾಡೆಲ್ 540; ಒಂದೇ ಪ್ರಶ್ನೆ 582. ಎದುರಾಳಿಯ ಅಂಕಿ ಅದೇ ಸಾವಿರ ಜನರ ಮೇಲೆ ತೆಗೆದದ್ದರಿಂದ ಸ್ವಲ್ಪ ಉದಾರವಾಗಿದೆ ಎಂಬುದು ನಿಜ, ಆದರೆ ನಾಲ್ಕೇ ಗುಂಪುಗಳಿರುವಾಗ ಆ ಉದಾರತೆ ದೊಡ್ಡದಲ್ಲ. ಇದರ ಎಯುಸಿ 0.708; ಸುಸ್ತಿದಾರರ ಮತ್ತು ಒಳ್ಳೆಯವರ ಹಂಚಿಕೆಗಳ ನಡುವಿನ ಗರಿಷ್ಠ ಅಂತರವನ್ನು ಅಳೆಯುವ ಕೆಎಸ್ 36.7.

ಇಷ್ಟಾದರೂ ಈ ನಿಯಮದ ನಿಖರತೆ ಶೇ. 60.2 ಮಾತ್ರ, ಎಲ್ಲರಿಗೂ ಸಾಲ ಕೊಡುವ ನಿಯಮದ ನಿಖರತೆ ಶೇ. 70. ನಷ್ಟದಲ್ಲಿ ಮೊದಲನೆಯದು 582, ಎರಡನೆಯದು 1500. ನಿಖರತೆಯ ಶೇಕಡಾವಾರನ್ನು ವರದಿಯ ಮೊದಲ ಪುಟದಿಂದ ತೆಗೆಯಿಸಲು ಈ ಒಂದು ಹೋಲಿಕೆ ಸಾಕಾಯಿತು.

ದಿಕ್ಕಿನ ಪರೀಕ್ಷೆ

ಕೆಲಸ ನಿಜವಾಗಿ ತಿರುವು ಪಡೆದದ್ದು ಐದನೆಯ ದಿನ. ಪ್ರತಿ ವಿವರದ ಪ್ರತಿ ಸಂಕೇತಕ್ಕೂ ಸುಸ್ತಿಯ ಪ್ರಮಾಣವನ್ನು ಬರೆದು, ಪಕ್ಕದಲ್ಲಿ ಅದರ ಅರ್ಥ ಬರೆದು, ಮೂರನೆಯ ಕಂಬಸಾಲಿನಲ್ಲಿ 'ಇದು ಹೀಗೇ ಇರಬೇಕೇ?' ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ನಮ್ಮ ಪದ್ಧತಿ. ಇದಕ್ಕೆ ಯಾವ ಸಂಖ್ಯಾಶಾಸ್ತ್ರವೂ ಬೇಡ. ಸಾಲ ಕೊಟ್ಟು ವಸೂಲಿ ಮಾಡಿದವರ ತಿಳಿವಳಿಕೆ ಬೇಕು. ಪರೀಕ್ಷಿಸುವ ಕೆಲಸ ವಹಿಸಿಕೊಂಡಿದ್ದವರು ತೀರ್ಥಹಳ್ಳಿ ಕಡೆಯವರು, ಅವರ ತಂದೆ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದವರು. ಸಾಲದ ಚರಿತ್ರೆಯ ಪುಟವನ್ನು ಪ್ರಿಂಟ್ ತೆಗೆದುಕೊಂಡು ನನ್ನ ಮೇಜಿಗೆ ಬಂದರು. ಐದು ಸಾಲುಗಳ ಎದುರು ಪೆನ್ಸಿಲಿನಲ್ಲಿ ಅಂಕಿಗಳಿದ್ದವು. ಮೊದಲ ಸಾಲಿಗೂ ಕೊನೆಯ ಸಾಲಿಗೂ ಎರಡೆರಡು ಸಲ ಸುತ್ತು ಎಳೆದಿದ್ದರು.

"ಸರ್, ಇದರ ಪ್ರಕಾರ ಹಳೇ ಸಾಲವನ್ನೆಲ್ಲ ಸರಿಯಾಗಿ ತೀರಿಸಿದವರು 40 ಜನ, ಅವರಲ್ಲಿ 25 ಜನ ಸುಸ್ತಿ. ಖಾತೆ ಸಂಕಷ್ಟದಲ್ಲಿದೆ ಅನ್ನಿಸಿಕೊಂಡವರು 293, ಅವರಲ್ಲಿ 50 ಮಾತ್ರ. ನಮ್ಮಪ್ಪನ ಹತ್ತಿರ ಇದನ್ನು ಹೇಳಿದರೆ ಪುಸ್ತಕ ತಿರುಗಿಸಿ ಹಿಡಿದಿದ್ದೀಯ ಅಂತಾರೆ."

ಪುಸ್ತಕ ತಿರುಗಿಸಿ ಹಿಡಿದದ್ದೇ ಆಗಿತ್ತು. ವಿವರಣಾ ಕಡತದ ಪ್ರಕಾರ ಎ30 ಎಂದರೆ ಸಾಲವನ್ನೇ ಪಡೆಯದವರು ಅಥವಾ ಪಡೆದದ್ದನ್ನೆಲ್ಲ ತೀರಿಸಿದವರು, ಸುಸ್ತಿ ಶೇ. 62.5. ಎ31, ಇದೇ ಬ್ಯಾಂಕಿನ ಸಾಲಗಳನ್ನೆಲ್ಲ ತೀರಿಸಿದವರು, 49ರಲ್ಲಿ 28. ಎ33, ಹಿಂದೆ ವಿಳಂಬ ಮಾಡಿದವರು, 88ರಲ್ಲಿ 28. ಎ34, ಸಂಕಷ್ಟದ ಖಾತೆ, ಶೇ. 17. ನಲವತ್ತೇ ಜನರ ಗುಂಪಾದ್ದರಿಂದ ಆಕಸ್ಮಿಕವಿರಬಹುದೇ ಎಂದು ಲೆಕ್ಕ ಹಾಕಿದೆವು: 40ಕ್ಕೆ 25 ಬಂದಾಗ ಶೇ. 95 ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಮಿತಿ, ಶೇ. 47ರಿಂದ 76. ಕೆಳತುದಿಯೂ ಒಟ್ಟು ಸರಾಸರಿ 30ಕ್ಕಿಂತ ಬಹಳ ಮೇಲಿದೆ. ಆಕಸ್ಮಿಕವಲ್ಲ.

ಚಾಲ್ತಿ ಖಾತೆಯ ಪುಟಕ್ಕೆ ಹಿಂದಿರುಗಿ ನೋಡಿದಾಗ ಅಲ್ಲಿಯೂ ಅದೇ ಕಥೆ. ನಮ್ಮ ಎದುರಾಳಿ ನಿಯಮ ಯಾರಿಗೆ ಸಾಲ ಕೊಟ್ಟಿತ್ತೋ ಆ ಎ14ರ ಅರ್ಥ, ವಿವರಣೆಯ ಪ್ರಕಾರ, 'ಚಾಲ್ತಿ ಖಾತೆಯೇ ಇಲ್ಲದವರು'. ಬ್ಯಾಂಕಿನಲ್ಲಿ ಖಾತೆಯೇ ಇಲ್ಲದ 394 ಜನ ಎಲ್ಲರಿಗಿಂತ ನಂಬಿಕಸ್ಥರು ಎಂಬ ನಿಯಮವನ್ನು ನಾನೇ ಹಿಂದಿನ ದಿನ ಮೇಲಿಂದ ಕೆಳಗೆ ಲೆಕ್ಕ ಹಾಕಿ ಒಪ್ಪಿದ್ದೆ. ಹೊರದೇಶದ ಕಾರ್ಮಿಕರೇ ಎಂಬ ವಿವರದಲ್ಲಿ 963 ಜನ ಹೌದು, 37 ಜನ ಅಲ್ಲ ಎಂದಿತ್ತು. ಎಪ್ಪತ್ತರ ದಶಕದ ಜರ್ಮನಿಗೆ ದುಡಿಯಲು ಬಂದ ಅತಿಥಿ ಕಾರ್ಮಿಕರು ಬಹಳವಿದ್ದರೂ, ಒಂದು ಬ್ಯಾಂಕಿನ ಸಾಲಗಾರರಲ್ಲಿ ನೂರಕ್ಕೆ 96 ಮಂದಿ ಅವರೇ ಆಗಿರುವುದು ಸಾಧ್ಯವಿಲ್ಲ.

ಈ ಗಂಟನ್ನು ಬಿಡಿಸಿದವರು ಬರ್ಲಿನ್‌ನ ಆಗಿನ ಬ್ಯೂಟ್ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞೆ ಉಲ್ರಿಕೆ ಗ್ರೋಂಪಿಂಗ್. ಅವರು ಹಳೆಯ ಜರ್ಮನ್ ಮೂಲಗಳನ್ನು ಹುಡುಕಿ ತಾಳೆ ನೋಡಿ, ಪ್ರಚಾರದಲ್ಲಿರುವ ಸಂಕೇತಪಟ್ಟಿಯಲ್ಲಿ ಹಲವು ತಪ್ಪುಗಳಿವೆ ಎಂದು 2019ರಲ್ಲಿ ವರದಿ ಬರೆದರು. ತಿದ್ದಿದ ಆವೃತ್ತಿ ದಕ್ಷಿಣ ಜರ್ಮನ್ ಸಾಲದ ದತ್ತಾಂಶ ಎಂಬ ಹೆಸರಿನಲ್ಲಿ ಅದೇ ಅರ್ವೈನ್ ಭಂಡಾರದಲ್ಲಿ ಇದೆ. ಅದರ ಕಂಬಸಾಲುಗಳ ಹೆಸರು ಜರ್ಮನ್‌ನಲ್ಲೇ ಇವೆ: ಲೌಫ್‌ಕಾಂಟ್ ಎಂದರೆ ಚಾಲ್ತಿ ಖಾತೆ, ಮೊರಾಲ್ ಎಂದರೆ ಸಾಲ ತೀರಿಸುವ ನಡತೆ, ಗಾಸ್ಟಾರ್ಬ್ ಎಂದರೆ ಅತಿಥಿ ಕಾರ್ಮಿಕ. ಆ ಕಡತವನ್ನು ತೆರೆದು ಗುಂಪುಗಳನ್ನು ಎಣಿಸಿದೆವು. 274, 269, 63, 394; 40, 49, 530, 88, 293. ಜನ ಅವರೇ, ಎಣಿಕೆ ಅದೇ. ಬದಲಾದದ್ದು ಅರ್ಥ. 394 ಜನ ಖಾತೆಯಿಲ್ಲದವರಲ್ಲ, ಖಾತೆಯಲ್ಲಿ 200 ಮಾರ್ಕ್ ಅಥವಾ ಹೆಚ್ಚು ಇಟ್ಟವರು ಇಲ್ಲವೇ ಕನಿಷ್ಠ ಒಂದು ವರ್ಷದಿಂದ ಸಂಬಳ ಅಲ್ಲಿಗೇ ಬರುತ್ತಿದ್ದವರು. ಖಾತೆಯೇ ಇಲ್ಲದವರು ಮೊದಲ ಗುಂಪಿನ 274 ಜನ. ಅರ್ಧದಷ್ಟು ಸುಸ್ತಿಯಾದ ಗುಂಪು. ನಡತೆಯ ಪಟ್ಟಿಯಲ್ಲಿ 40 ಜನ ಹಿಂದೆ ವಿಳಂಬ ಮಾಡಿದವರು, 49 ಜನ ಸಂಕಷ್ಟದ ಖಾತೆಯವರು, 293 ಜನ ಈ ಬ್ಯಾಂಕಿನ ಸಾಲಗಳನ್ನೆಲ್ಲ ತೀರಿಸಿದವರು. ಅತಿಥಿ ಕಾರ್ಮಿಕರು 963 ಅಲ್ಲ, 37. ಒಂದು ಎಚ್ಚರಿಕೆ: ಫಲಿತಾಂಶದ ಕಂಬಸಾಲಿನಲ್ಲಿ ಹಳೆಯ ಕಡತ ಸುಸ್ತಿಗೆ 2 ಎನ್ನುತ್ತದೆ, ಹೊಸದು 0 ಎನ್ನುತ್ತದೆ, ಎರಡನ್ನೂ ಒಂದೇ ಪ್ರೋಗ್ರಾಮ್‌ಗೆ ಉಣಿಸುವವರು ಇದನ್ನು ಮೊದಲು ಸರಿಮಾಡಿಕೊಳ್ಳಬೇಕು.

ಪಟ್ಟಿ ತಿದ್ದಿ ಮಾಡೆಲನ್ನು ಮತ್ತೆ ಓಡಿಸಿದೆವು. ಎಯುಸಿ ಒಂದು ದಶಮಾಂಶವೂ ಬದಲಾಗಲಿಲ್ಲ. ಬದಲಾಗಬಾರದು ಕೂಡ, ಏಕೆಂದರೆ ಮಾಡೆಲ್‌ಗೆ ಕಾಣುವುದು ಸಂಕೇತ ಮಾತ್ರ, ಅದಕ್ಕೆ ಅಂಟಿಸಿದ ಚೀಟಿಯಲ್ಲ. ಈ ಪರಿಶೀಲನೆಯಲ್ಲಿ ನಾನು ಹೊಸಬರಿಗೆ ಹೆಚ್ಚು ಹೊತ್ತು ವಿವರಿಸಿದ್ದು ಇದನ್ನೇ. ಎಯುಸಿ, ಕೆಎಸ್, ಹತ್ತು ಭಾಗದ ಪರೀಕ್ಷೆ ಎಲ್ಲವನ್ನೂ ಈ ತಪ್ಪು ಹಾಯಾಗಿ ದಾಟಿಹೋಗುತ್ತದೆ. ಎಂಥ ದೊಡ್ಡ ಕಂಪ್ಯೂಟರ್ ತಂದರೂ ಇದು ಅದರ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಅರ್ಜಿದಾರರ ತಲೆಯ ಮೇಲೆ. ರಿಸರ್ವ್ ಬ್ಯಾಂಕ್ 2003ರಲ್ಲಿ ಸಾಲ ಕೊಡುವವರಿಗೆ ವಿಧಿಸಿದ ನ್ಯಾಯಸಮ್ಮತ ವ್ಯವಹಾರ ಸಂಹಿತೆ, ಸಣ್ಣ ಸಾಲಗಾರರ ಅರ್ಜಿ ತಿರಸ್ಕರಿಸಿದಾಗ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಹೇಳಿದೆ. ಹಳೆಯ ಪಟ್ಟಿಯೊಂದಿಗೆ ಈ ಮಾಡೆಲ್ ಬಳಕೆಗೆ ಬಂದಿದ್ದರೆ, ಕಂತು ತಡಮಾಡಿದವರಿಗೆ 'ನೀವು ಸಾಲವನ್ನೆಲ್ಲ ತೀರಿಸಿದ್ದೀರಿ, ಆದ್ದರಿಂದ ಕೊಡಲಾಗದು' ಎಂಬ ಪತ್ರ ಹೋಗುತ್ತಿತ್ತು.

ಇದು ಜರ್ಮನಿಯ ಹಳೆಯ ಕಡತಕ್ಕೆ ಮಾತ್ರ ಸೇರಿದ ವಿಷಯವಲ್ಲ. ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಸಂಸ್ಥೆಯಲ್ಲಿದ್ದಾಗ ಪರಿಶೀಲಿಸಿದ ಮಾಡೆಲ್‌ನಲ್ಲಿ, ಉದ್ಯೋಗದ ಸಂಕೇತ 3 ಎಂದರೆ ಸ್ವಂತ ಉದ್ಯೋಗ ಎಂದು ವರದಿ ಹೇಳುತ್ತಿತ್ತು. ಶಾಖೆಗಳಲ್ಲಿ ತುಂಬುತ್ತಿದ್ದ ಅರ್ಜಿ ನಮೂನೆಯಲ್ಲಿ 3 ಎಂದರೆ ನಿವೃತ್ತರು ಎಂದಿತ್ತು. ನಮೂನೆ ಬದಲಾಗಿ ಒಂದೂವರೆ ವರ್ಷವಾಗಿತ್ತು, ವರದಿ ಬದಲಾಗಿರಲಿಲ್ಲ. ನಾನು ಆಗ ವರದಿಯನ್ನಷ್ಟೇ ಓದಿದ್ದೆ, ನಮೂನೆಯನ್ನು ಕೈಗೆ ತೆಗೆದುಕೊಂಡಿರಲಿಲ್ಲ. ತಪ್ಪು ಸಿಕ್ಕಿದ್ದು ಪಿಂಚಣಿದಾರರೊಬ್ಬರ ದೂರಿನಿಂದ. ಆ ದೂರಿನ ಪತ್ರ ಇವತ್ತಿಗೂ ನೆನಪಿದೆ. ಅಂದಿನಿಂದ ಸಂಕೇತಪಟ್ಟಿಯ ಹುಟ್ಟನ್ನು, ಅಂದರೆ ಅದನ್ನು ಮೊದಲು ಬರೆದ ಕಾಗದವನ್ನೇ ಕೇಳಿ ತರಿಸಿಕೊಳ್ಳುತ್ತೇನೆ.

ಹಿಂಪಡೆದ ಪರೀಕ್ಷೆ

ಮಾಡೆಲ್ ಕಟ್ಟಿದವರ ವರದಿಯಲ್ಲಿ ಮಹಿಳೆಯರಿಗೂ ಪುರುಷರಿಗೂ ಸಾಲ ಮಂಜೂರಾಗುವ ಪ್ರಮಾಣವನ್ನು ಹೋಲಿಸಿದ ಒಂದು ಅಧ್ಯಾಯವಿತ್ತು. ಅದು ಇರಬೇಕಾದದ್ದೇ, ಲಿಂಗ, ಜಾತಿ, ಧರ್ಮದ ಮೇಲೆ ತಾರತಮ್ಯ ಮಾಡಬಾರದೆಂದು ಅದೇ ಸಂಹಿತೆ ಹೇಳುತ್ತದೆ. ಇಲ್ಲಿ ಲಿಂಗ ಮತ್ತು ವೈವಾಹಿಕ ಸ್ಥಿತಿ ಒಂದೇ ಕಂಬಸಾಲಿನಲ್ಲಿ ಬೆರೆತಿವೆ. ಹಳೆಯ ಪಟ್ಟಿಯಲ್ಲಿ ಎ92 ಎಂದರೆ ಮಹಿಳೆಯರು, 310 ಜನ, ಅವರಲ್ಲಿ 109 ಸುಸ್ತಿ, ಶೇ. 35.2, ಉಳಿದ 690 ಜನರಲ್ಲಿ ಶೇ. 27.7. ಈ ದತ್ತಾಂಶದ ಮೇಲೆ ನ್ಯಾಯಸಮ್ಮತತೆಯನ್ನು ಅಳೆದ ಎಷ್ಟೋ ಅಧ್ಯಯನಗಳು ಈ 310 ಜನರನ್ನೇ ಮಹಿಳೆಯರೆಂದು ಹಿಡಿದಿವೆ.

ತಿದ್ದಿದ ಪಟ್ಟಿಯಲ್ಲಿ ಆ ಸಂಕೇತದ ಅರ್ಥ 'ಅವಿವಾಹಿತೆಯಲ್ಲದ ಮಹಿಳೆ ಅಥವಾ ಅವಿವಾಹಿತ ಪುರುಷ'. ಹೆಂಗಸರೂ ಗಂಡಸರೂ ಒಂದೇ ಸಂಕೇತದಲ್ಲಿದ್ದಾರೆ. ಅವರನ್ನು ಬೇರೆ ಮಾಡಲು ಯಾವ ದಾರಿಯೂ ಇಲ್ಲ. ಈ ಸಂಗತಿ ತಿಳಿದ ಮೇಲೆ ಆ ಅಧ್ಯಾಯವನ್ನು ತಿದ್ದುವುದು ಸಾಧ್ಯವಿರಲಿಲ್ಲ, ಹಿಂಪಡೆಯಬೇಕಾಯಿತು. ಬರೆದವರಿಗೆ ಬೇಸರವಾಯಿತು, ಮೂರು ದಿನದ ಶ್ರಮ ಅದರಲ್ಲಿತ್ತು. 'ತಾರತಮ್ಯ ಕಂಡುಬಂದಿಲ್ಲ' ಎಂಬ ವಾಕ್ಯದ ಜಾಗದಲ್ಲಿ 'ಈ ದತ್ತಾಂಶದಿಂದ ಲಿಂಗವಾರು ಪರೀಕ್ಷೆ ಅಸಾಧ್ಯ' ಎಂದು ಬರೆಯಿಸಿದೆವು. ಇವೆರಡರ ನಡುವೆ ಅಜಗಜಾಂತರವಿದೆ, ಮತ್ತು ನಿಯಮಪಾಲನೆಯ ವಿಭಾಗದವರು ಮೊದಲನೆಯದನ್ನು ಓದಿದ್ದರೆ ಮುಂದೆ ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಅತಿಥಿ ಕಾರ್ಮಿಕರ ವಿವರವನ್ನು ಮಾಡೆಲ್‌ನಿಂದಲೇ ತೆಗೆಯಿಸಿದೆವು. 37 ಜನ, 4 ಸುಸ್ತಿ. ಅಷ್ಟರಿಂದ ಏನೂ ಸಿದ್ಧವಾಗುವುದಿಲ್ಲ, ಸಿದ್ಧವಾದರೂ ಒಬ್ಬರ ದೇಶವನ್ನು ನೋಡಿ ಸಾಲ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ.

ನೂರಕ್ಕೆ 30 ಎಲ್ಲಿಂದ ಬಂತು

ಎರಡನೆಯ ವಾರದ ಹೆಚ್ಚಿನ ಸಮಯ ಹೋದದ್ದು ಸುಸ್ತಿಯ ಮೂಲ ಪ್ರಮಾಣಕ್ಕೆ. ನೂರಕ್ಕೆ 30 ಸಾಲಗಳು ಮುಳುಗಿದರೆ ಯಾವ ಬ್ಯಾಂಕೂ ಉಳಿಯುವುದಿಲ್ಲ. ಈ ಕಡತದಲ್ಲಿ ಅಷ್ಟಿರುವುದು ಸುಸ್ತಿದಾರರನ್ನು ಬೇಕೆಂದೇ ಹೆಚ್ಚಾಗಿ ಆರಿಸಿ ಸೇರಿಸಿದ್ದರಿಂದ. ಅಪರೂಪದ ಘಟನೆಯನ್ನು ಕಲಿಸಲು ಹಾಗೆ ಮಾಡುವುದು ತಪ್ಪಲ್ಲ. ಆದರೆ ಮಾಡೆಲ್ ಹೇಳುವ ಸಂಭಾವ್ಯತೆಯನ್ನು ನಿಜವಾದ ಪ್ರಮಾಣಕ್ಕೆ ಇಳಿಸದೆ ಬಳಸುವುದು ತಪ್ಪು. ವರದಿಯಲ್ಲಿ ಆ ಇಳಿಕೆ ಇರಲಿಲ್ಲ.

ಉದಾಹರಣೆಗೆಂದು ನಿಜವಾದ ಪ್ರಮಾಣ ನೂರಕ್ಕೆ 5 ಎಂದು ಇಟ್ಟುಕೊಂಡು ರಿಪೇರಿ ಮಾಡಿದೆವು. ಸುಸ್ತಿ ಮತ್ತು ಸುಸ್ತಿಯಲ್ಲದ್ದರ ಅನುಪಾತ ಕಡತದಲ್ಲಿ 30ಕ್ಕೆ 70, ಹೊರಗೆ 5ಕ್ಕೆ 95. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.1228. ಪ್ರತಿಯೊಬ್ಬರ ಅನುಪಾತವನ್ನೂ ಇದರಿಂದ ಗುಣಿಸಬೇಕು. ಲಾಜಿಸ್ಟಿಕ್ ಮಾಡೆಲ್‌ನಲ್ಲಾದರೆ ಸ್ಥಿರಾಂಕದಿಂದ 2.097 (0.1228ರ ಸ್ವಾಭಾವಿಕ ಲಾಗರಿದಮ್ ಮೈನಸ್ 2.097) ಕಳೆದರೆ ಸಾಕು, ಉಳಿದ ಗುಣಾಂಕಗಳನ್ನು ಮುಟ್ಟಬೇಕಿಲ್ಲ. ಶೇ. 60 ಎಂದು ಮಾಡೆಲ್ ಹೇಳಿದವರ ನಿಜವಾದ ಸಂಭಾವ್ಯತೆ ಆಗ ಶೇ. 15.6ಕ್ಕೆ ಇಳಿಯುತ್ತದೆ.

ಈಗ ನಷ್ಟದ ಲೆಕ್ಕವೇ ತಲೆಕೆಳಗಾಯಿತು. ಸಾವಿರ ಜನರಲ್ಲಿ 50 ಸುಸ್ತಿದಾರರಿದ್ದರೆ, ಎಲ್ಲರಿಗೂ ಸಾಲ ಕೊಡುವುದರ ನಷ್ಟ 250. ಯಾರಿಗೂ ಕೊಡದಿರುವುದರ ನಷ್ಟ 950. ನಾವು ಮೆಚ್ಚಿಕೊಂಡಿದ್ದ ಒಂದೇ ಪ್ರಶ್ನೆಯ ನಿಯಮದಲ್ಲಿ ಸುಮಾರು 8 ಸುಸ್ತಿದಾರರು ಒಳಬಂದು, ಸುಮಾರು 478 ಒಳ್ಳೆಯ ಸಾಲಗಾರರು ಹೊರಗುಳಿಯುತ್ತಾರೆ. ನಷ್ಟ ಸುಮಾರು 516. ಯಾವ ನಿಯಮವೂ ಇಲ್ಲದೆ ಎಲ್ಲರಿಗೂ ಕೊಟ್ಟಿದ್ದರೆ ಅದರ ಅರ್ಧಕ್ಕೂ ಕಡಿಮೆ. ಮೊದಲ ಗುಂಪಿನ 274 ಜನರ ಸುಸ್ತಿಯ ಪ್ರಮಾಣ ಸಹ ಶೇ. 10.7ಕ್ಕೆ ಇಳಿಯುವುದರಿಂದ ಆರರಲ್ಲೊಂದರ ಗೆರೆಯನ್ನು ಅವರೂ ದಾಟುವುದಿಲ್ಲ. ಖಾತೆಯೊಂದನ್ನೇ ನೋಡಿದರೆ ಯಾರನ್ನೂ ತಿರಸ್ಕರಿಸುವಂತಿಲ್ಲ. ಪೂರ್ತಿ ಮಾಡೆಲ್‌ನಲ್ಲಿ ತಿರಸ್ಕಾರದ ಗೆರೆ, ಇಳಿಸುವ ಮೊದಲಿನ ಸಂಭಾವ್ಯತೆಯಲ್ಲಿ ಹೇಳುವುದಾದರೆ, ಶೇ. 16.7ರಿಂದ ಶೇ. 62ಕ್ಕೆ ಏರಿತು. ಅದೇ ಮಾಡೆಲ್, ಅದೇ ಎಯುಸಿ; ಗೆರೆ ಮಾತ್ರ ಬೇರೆ, ಮತ್ತು ಎರಡು ಗೆರೆಗಳ ನಡುವೆ ನೂರಾರು ಕುಟುಂಬಗಳ ಅರ್ಜಿಗಳಿವೆ.

5 ಎಂಬ ಅಂಕಿಯನ್ನು ನಾವೇ ಇಟ್ಟುಕೊಂಡದ್ದರಿಂದ ಅದರ ಮೇಲೆ ಗೆರೆಯನ್ನು ಶಾಶ್ವತಗೊಳಿಸಲಿಲ್ಲ. ಪ್ರಮಾಣವನ್ನು 3ರಿಂದ 10ರವರೆಗೆ ಬದಲಿಸಿ ಗೆರೆ ಹೇಗೆ ಜರುಗುತ್ತದೆ ಎಂಬ ಕೋಷ್ಟಕವನ್ನು ವರದಿಗೆ ಸೇರಿಸಿದೆವು. ನಿಜವಾದ ಪ್ರಮಾಣವನ್ನು ಸಾಲದ ಲೆಕ್ಕಪುಸ್ತಕದಿಂದ ತಂದುಕೊಡಬೇಕಾದವರು ಮಾಡೆಲನ್ನು ಬಳಸುವ ವಿಭಾಗದವರು ಎಂದು ಹೊಣೆಯನ್ನೂ ಬರೆದೆವು.

ರಿಪೇರಿಯಾಗದೆ ಉಳಿದದ್ದು

ಮೂರು ಸಂಗತಿಗಳನ್ನು ಏನು ಮಾಡಿದರೂ ಸರಿಪಡಿಸಲಾಗಲಿಲ್ಲ. ಕಡತದಲ್ಲಿ ದಿನಾಂಕಗಳಿಲ್ಲ. ಹಳೆಯ ವರ್ಷದಲ್ಲಿ ಕಲಿಸಿ ಮುಂದಿನ ವರ್ಷದಲ್ಲಿ ಪರೀಕ್ಷಿಸುವ ಕ್ರಮ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ, ಇಲ್ಲಿ ಮಾಡಲಾಗದು. ಜನಸಮೂಹ ಬದಲಾಗಿದೆಯೇ ಎಂದು ನೋಡುವ ಸ್ಥಿರತೆಯ ಸೂಚ್ಯಂಕವೂ, 0.10 ದಾಟಿದರೆ ಗಮನ, 0.25 ದಾಟಿದರೆ ಕ್ರಮ ಎಂದು ನಮ್ಮಲ್ಲಿ ರೂಢಿಯಿರುವುದು, ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದಾಗಿ, ಇಲ್ಲಿರುವವರೆಲ್ಲ ಸಾಲ ಸಿಕ್ಕವರು. ಬ್ಯಾಂಕ್ ಆಗಲೇ ಹಿಂದಕ್ಕೆ ಕಳಿಸಿದವರು ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದು ಕಡತದಲ್ಲಿಲ್ಲ, ಆದರೆ ಮಾಡೆಲ್ ಬಳಕೆಗೆ ಬಂದರೆ ಅಂಥವರ ಮೇಲೂ ತೀರ್ಪು ಕೊಡುತ್ತದೆ. ಮೂರನೆಯದು ಗ್ರೋಂಪಿಂಗ್ ಅವರ ವಿವರಣೆಯಿಂದ ತಿಳಿದದ್ದು: ಸಾಲದ ಮೊತ್ತಗಳು ಮೂಲ ಮೊತ್ತಗಳಲ್ಲ, ಕ್ರಮ ಕೆಡದಂತೆ ಮಾರ್ಪಡಿಸಿದವು, ಮಾರ್ಪಾಡಿನ ಸೂತ್ರ ಸಿಕ್ಕಿಲ್ಲ. ವರದಿಯಲ್ಲಿದ್ದ 'ನಿರೀಕ್ಷಿತ ನಷ್ಟ ಇಷ್ಟು ಮಾರ್ಕ್' ಎಂಬ ಪುಟವನ್ನು ಹೊಡೆದುಹಾಕಿದೆವು.

ಕೊನೆಯ ವರದಿಯಲ್ಲಿ ಒಟ್ಟು ಆರು ಆಕ್ಷೇಪಣೆಗಳಿದ್ದವು. ನಾಲ್ಕನ್ನು ಸರಿಪಡಿಸಿ ಮುಚ್ಚಿದೆವು. ದಿನಾಂಕದ ಕೊರತೆ ಮತ್ತು ತಿರಸ್ಕೃತರ ಕೊರತೆ ಈ ಎರಡನ್ನು ತೆರೆದೇ ಇಟ್ಟು, ಅವು ತೆರೆದಿರುವಷ್ಟು ಕಾಲ ಮಾಡೆಲನ್ನು ಕಲಿಕೆಗೆ ಹೊರತು ನಿರ್ಧಾರಕ್ಕೆ ಬಳಸಬಾರದೆಂದು ಮೊದಲ ಪುಟದಲ್ಲೇ ಬರೆದೆವು. ನಮ್ಮ ಪರಿಶೀಲನೆಯ ಕ್ರಮಪಟ್ಟಿಯಲ್ಲೂ ಒಂದು ಬದಲಾವಣೆಯಾಯಿತು. ಐದನೆಯ ದಿನಕ್ಕಿದ್ದ ದಿಕ್ಕಿನ ಪರೀಕ್ಷೆ ಈಗ ಮೊದಲ ದಿನಕ್ಕೆ ಬಂದಿದೆ, ಮರುನಿರ್ಮಾಣಕ್ಕೂ ಮುಂಚೆ. ಸಂಕೇತ, ಎಣಿಕೆ, ಸುಸ್ತಿ, ಅರ್ಥ, ಅರ್ಥ ಬರೆದ ಮೂಲ ಕಾಗದ ಯಾವುದು ಎಂಬ ಐದು ಕಂಬಸಾಲುಗಳ ಹಾಳೆಯನ್ನು ಪ್ರಿಂಟ್ ತೆಗೆದು ಕೈಬರಹದಲ್ಲಿ ತುಂಬಬೇಕು. ಸೋಮವಾರ ಬಂದ ಹೊಸ ಮಾಡೆಲ್‌ನ ಹಾಳೆಯನ್ನು ತೀರ್ಥಹಳ್ಳಿಯವರೇ ತುಂಬುತ್ತಿದ್ದಾರೆ. ಐದನೆಯ ಕಂಬಸಾಲಿನಲ್ಲಿ ಮೂರು ಸಾಲು ಇನ್ನೂ ಖಾಲಿ ಇವೆ; ಅರ್ಜಿ ನಮೂನೆಯ ಹಳೆಯ ಪ್ರತಿಗಾಗಿ ಶಾಖೆಗೆ ಪತ್ರ ಬರೆದಿದ್ದಾರೆ.